ಇನ್ನೂರೈವತ್ತು ವರ್ಷಗಳ ಸಂಕಲ್ಪ

‘ಸಂಕಲ್ಪ’ವೆಂಬ ಶಬ್ದವು ‘ಕ್ಲೃಪ್’ ಧಾತುವಿನಿಂದ ಬಂದುದು. ಯುಗಯುಗಗಳ ಕಾಲವನ್ನು ಹೇಳುವ ‘ಕಲ್ಪ’ವೂ ಅದೇ ಧಾತುವಿನ ಸಂತಾನ. ಆದುದರಿಂದ ಸಂಕಲ್ಪವೆಂದರೆ ಕ್ಷಣಿಕವಾದ ಇಚ್ಛೆಯಲ್ಲ, ಕಾಲವನ್ನೂ ಗಣನೆಗೆ ತಂದುಕೊಂಡು ಮಾಡಿದ ಏರ್ಪಾಡು ಎಂದು ವ್ಯಾಖ್ಯಾನಿಸಲು ಅವಕಾಶವುಂಟು. ಮಠಗಳಿಗೂ ವಿದ್ಯಾಲಯಗಳಿಗೂ ಇಂತಹ ಸಂಕಲ್ಪ ಸಹಜವಾದುದೇ. ಆದರೆ ಲಾಭಕ್ಕಾಗಿ ನಡೆಯುವ ವಿದ್ಯುದುಪಕರಣಗಳ ಕಾರ್ಖಾನೆಯೊಂದು ಇನ್ನೂರೈವತ್ತು ವರ್ಷಗಳ ಯೋಜನೆಯನ್ನು ಹಾಕಿಕೊಂಡಿತೆಂದರೆ ಆಶ್ಚರ್ಯವಾಗದೆ ಇರದು. ಆ ಸಂಸ್ಥೆ ಜಪಾನಿನ ಮತ್ಸುಶಿತ. ೨೦೦೮ರಲ್ಲಿ ಅದು ಪ್ಯಾನಾಸಾನಿಕ್ ಎಂಬ ಹೆಸರನ್ನು ತಳೆಯಿತು.

ಸ್ಥಾಪಕರಾದ ಕೊನೊಸುಕೆ ಮತ್ಸುಶಿತ ಅವರು ೧೮೯೪ರಲ್ಲಿ ವಾಕಯಾಮ ಪ್ರಾಂತದ ಒಂದು ಹಳ್ಳಿಯಲ್ಲಿ ಜನಿಸಿದರು. ಅಕ್ಕಿಯ ಸಟ್ಟಾ ವ್ಯಾಪಾರದಲ್ಲಿ ತಂದೆಯ ಆಸ್ತಿ ಕರಗಿಹೋದುದರಿಂದ ಬಾಲಕನು ಒಂಬತ್ತನೆಯ ವಯಸ್ಸಿಗೇ ಶಾಲೆ ಬಿಟ್ಟು ಒಸಾಕಾ ನಗರದ ಅಗ್ಗಿಷ್ಟಿಕೆಯ ಅಂಗಡಿಯಲ್ಲಿ, ಅನಂತರ ಬೈಸಿಕಲ್ ಅಂಗಡಿಯಲ್ಲಿ ಊಳಿಗಕ್ಕೆ ನಿಲ್ಲಬೇಕಾಯಿತು. ೧೯೧೮ರಲ್ಲಿ ಪತ್ನಿಯನ್ನೂ ಆಕೆಯ ತಮ್ಮನನ್ನೂ ಜೊತೆಗಿಟ್ಟುಕೊಂಡು ಸ್ವಂತ ಕಾರ್ಖಾನೆಯನ್ನು ತೆರೆದರು. ೧೯೨೩ರಲ್ಲಿ ಅವರು ಹೊರತಂದ ಬೈಸಿಕಲ್ ದೀಪವು ಮೂವತ್ತು ಗಂಟೆಗಳಿಗೂ ಮಿಗಿಲಾಗಿ ಉರಿಯುತ್ತಿತ್ತು. ಅಂದಿನ ಬ್ಯಾಟರಿ ದೀಪಗಳು ಎರಡು ಮೂರು ಗಂಟೆಗಳಲ್ಲಿ ನಂದಿಹೋಗುತ್ತಿದ್ದುದರಿಂದ ಅಂಗಡಿಕಾರರು ಯಾರೂ ನಂಬಲಿಲ್ಲ. ಮತ್ಸುಶಿತ ವಾದಕ್ಕಿಳಿಯದೆ, ಅಂಗಡಿ ಅಂಗಡಿಗೆ ದೀಪವಿರಿಸಿ, ಹೊತ್ತಿಸಿ, ಎಷ್ಟು ಹೊತ್ತು ಉರಿಯುವುದೆಂದು ಅವರೇ ನೋಡಲಿ ಎಂದು ಬಿಟ್ಟುಬಂದರು. ನ್ಯಾಯಶಾಸ್ತ್ರವನ್ನೋದಿದ ನಮ್ಮಂಥವರಿಗೆ ಇದು ಅನುಮಾನವನ್ನು ಬಿಟ್ಟು ಪ್ರತ್ಯಕ್ಷಪ್ರಮಾಣವನ್ನು ಹಿಡಿದ ರೀತಿ.

೧೯೨೯ರ ಜಗದ್ವ್ಯಾಪಿ ಆರ್ಥಿಕ ಕುಸಿತದಲ್ಲಿ ಮಾಲು ಉಗ್ರಾಣದಲ್ಲೇ ರಾಶಿಬಿದ್ದಿತು. ಕೆಲಸಗಾರರಲ್ಲಿ ಅರ್ಧದಷ್ಟು ಮಂದಿಯನ್ನು ತೆಗೆದುಹಾಕಬೇಕೆಂಬ ಸಲಹೆ ರೋಗಶಯ್ಯೆಯಲ್ಲಿದ್ದ ಮತ್ಸುಶಿತರ ಬಳಿಗೆ ಬಂದಿತು. ಉತ್ಪಾದನೆಯನ್ನು ಅರ್ಧಕ್ಕಿಳಿಸಿ, ಕೆಲಸವನ್ನು ಅರ್ಧ ದಿನಕ್ಕೆ ಮಿತಗೊಳಿಸಿ, ವೇತನವನ್ನು ಪೂರ್ಣವಾಗಿ ಕೊಡಿ, ಒಬ್ಬನನ್ನೂ ಕಳುಹಬೇಡಿ ಎಂದು ಅವರು ಅಪ್ಪಣೆ ಮಾಡಿದರು. ಕೆಲಸಗಾರರು ರಜೆಯನ್ನೂ ಲೆಕ್ಕಿಸದೆ ಮಾಲು ಮಾರಲು ಹೊರಟರು. ೧೯೩೦ರ ಫೆಬ್ರವರಿಯ ಹೊತ್ತಿಗೆ ಉಗ್ರಾಣ ಬರಿದಾಯಿತು.

ನಮ್ಮ ಓದುಗರು ವಿಶೇಷವಾಗಿ ಗಮನಿಸಬೇಕಾದ ಪ್ರಸಂಗ ಮುಂದಿನದು. ೧೯೩೨ರ ವಸಂತದಲ್ಲಿ ಪರಿಚಿತರೊಬ್ಬರ ಒತ್ತಾಯಕ್ಕೆ ಅವರು ತೆನ್‌ರಿಕ್ಯೋ ಎಂಬ ಧರ್ಮಸಂಪ್ರದಾಯದ ಕೇಂದ್ರಕ್ಕೆ ಹೋದರು. ಅಲ್ಲಿ ಭಕ್ತರು ಕೂಲಿಯಿಲ್ಲದೆ ಮರ ಕೊಯ್ಯುತ್ತಿದ್ದರು, ಮಂದಿರ ಕಟ್ಟುತ್ತಿದ್ದರು. ಮುಖಗಳಲ್ಲಿ ಆನಂದ ತುಂಬಿತ್ತು. ಸಂಬಳ ಕೊಡುವ ತಮ್ಮ ಕಾರ್ಖಾನೆಯಲ್ಲಿ ಈ ಉತ್ಸಾಹವೇಕಿಲ್ಲವೆಂಬ ಪ್ರಶ್ನೆ ಅವರನ್ನು ಹಿಂಬಾಲಿಸಿತು. ಅವರು ಆ ಮತವನ್ನು ಸ್ವೀಕರಿಸಲಿಲ್ಲ, ಪ್ರಶ್ನೆಯನ್ನು ಮಾತ್ರ ಹೊತ್ತು ತಂದರು. ಅದೇ ವರ್ಷ ಮೇ ೫ರಂದು ೧೬೮ ಮಂದಿ ನೌಕರರನ್ನು ಒಸಾಕಾದಲ್ಲಿ ಕೂಡಿಸಿ ಉತ್ತರವನ್ನು ಹೇಳಿದರು. ದಾರಿಹೋಕನು ಬೀದಿಯ ನಲ್ಲಿಯ ನೀರು ಕುಡಿದರೆ ಯಾರೂ ಕಳ್ಳನೆನ್ನುವುದಿಲ್ಲ, ಏಕೆಂದರೆ ನೀರು ಅಷ್ಟು ಯಥೇಚ್ಛ. ಬದುಕಿಗೆ ಬೇಕಾದ ವಸ್ತುಗಳನ್ನು ಅಷ್ಟೇ ಯಥೇಚ್ಛವಾಗಿ, ಅಗ್ಗವಾಗಿ ಒದಗಿಸಿ ಬಡತನವನ್ನು ನೀಗುವುದೇ ಉದ್ಯಮದ ಧರ್ಮ ಎಂಬುದು ಅದರ ತಾತ್ಪರ್ಯ. ಅದಕ್ಕೆ ಗೊತ್ತುಮಾಡಿದ ಅವಧಿ ಇನ್ನೂರೈವತ್ತು ವರ್ಷ. ಅದರಲ್ಲಿ ಇಪ್ಪತ್ತೈದು ವರ್ಷಗಳ ಹತ್ತು ಘಟ್ಟಗಳು. ಪ್ರತಿ ಘಟ್ಟದಲ್ಲೂ ಹತ್ತು ವರ್ಷ ನಿರ್ಮಾಣ, ಹತ್ತು ವರ್ಷ ಕಾರ್ಯಾಚರಣೆ, ಕೊನೆಯ ಐದು ವರ್ಷ ಸಮಾಜಕ್ಕೆ ಅರ್ಪಣೆ. ಸಂಸ್ಥೆಯು ತನ್ನ ಸ್ಥಾಪನಾದಿನವನ್ನು ೧೯೧೮ರಿಂದಲ್ಲ, ಈ ಮೇ ೫ರಿಂದ ಆಚರಿಸಿಕೊಂಡು ಬಂದಿತು.

ಕಾಯಕ ದಾಸೋಹಗಳ ಹೆಸರಿನಲ್ಲಿ ಬೆಳೆದ ನಮಗೆ ಇಲ್ಲಿ ಒಂದು ಪರಿಚಿತ ಧ್ವನಿ ಕೇಳಿಸುತ್ತದೆ. ಆದರೂ ಎರಡನ್ನೂ ಒಂದೆನ್ನುವುದು ಅವಸರವಾದೀತು. ಬೇಸಿಗೆಯಲ್ಲಿ ನಮ್ಮವರು ಇಡುವ ಅರವಟ್ಟಿಗೆಯ ನೀರಿಗೆ ಬೆಲೆಯಿಲ್ಲ; ಮತ್ಸುಶಿತರ ನೀರಿಗೆ ಬೆಲೆಯುಂಟು, ಅದನ್ನು ತಗ್ಗಿಸುವುದಷ್ಟೇ ಅವರ ವ್ರತ. ಆದರೆ ಅವರು ಬರಿ ಮಾತನಾಡಿದವರಲ್ಲ. ಅದೇ ವರ್ಷ ರೇಡಿಯೋ ತಯಾರಿಕೆಗೆ ಅಡ್ಡಿಯಾಗಿದ್ದ ಪೇಟೆಂಟನ್ನು ಹಣ ತೆತ್ತು ಕೊಂಡು, ಪ್ರತಿಸ್ಪರ್ಧಿಗಳೂ ಸೇರಿ ಎಲ್ಲರಿಗೂ ಉಚಿತವಾಗಿ ಬಿಟ್ಟುಕೊಟ್ಟರು. ಮಹಾಯುದ್ಧಾನಂತರ ಆಕ್ರಮಣಾಧಿಕಾರಿಗಳು ಅವರನ್ನು ಸ್ಥಾನದಿಂದಿಳಿಸಲು ಹೊರಟಾಗ, ತಡೆಯಬೇಕೆಂದು ಮನವಿ ಸಲ್ಲಿಸಿದವರು ಕಾರ್ಮಿಕ ಸಂಘದವರೇ. ೧೯೬೫ರಲ್ಲಿ ವಾರಕ್ಕೆ ಐದೇ ದಿನಗಳ ದುಡಿಮೆಯನ್ನು ಜಾರಿಗೆ ತಂದರು.

೧೯೮೯ರಲ್ಲಿ ಅವರು ತಮ್ಮ ೯೪ನೆಯ ವಯಸ್ಸಿನಲ್ಲಿ ಕಾಲವಾದರು. ಮರುವರ್ಷವೇ ಸಂಸ್ಥೆ ಅಮೆರಿಕದ ಎಂಸಿಎ ಎಂಬ ಚಲನಚಿತ್ರ ಕಂಪನಿಯನ್ನು ಕೊಂಡಿತು, ೧೯೯೫ರಲ್ಲಿ ಅದರ ಬಹುಭಾಗವನ್ನು ಮಾರಿತು. ಅದಕ್ಕಿಂತ ದೊಡ್ಡ ಪೆಟ್ಟು ಪ್ಲಾಸ್ಮಾ ದೂರದರ್ಶನದ್ದು. ಅಮಗಸಾಕಿಯಲ್ಲಿ ಅಪಾರ ಬಂಡವಾಳ ಸುರಿದು ಕಾರ್ಖಾನೆಗಳನ್ನು ಕಟ್ಟಿದರು. ಅಷ್ಟರಲ್ಲಿ ದ್ರವಸ್ಫಟಿಕದ ಪರದೆಗಳು ಅಗ್ಗವಾಗಿ ಮಾರುಕಟ್ಟೆಯನ್ನು ಆಕ್ರಮಿಸಿದವು. ಬೆಲೆ ತಗ್ಗಿಸುವುದನ್ನೇ ವ್ರತವಾಗಿಸಿಕೊಂಡ ಸಂಸ್ಥೆ ಇನ್ನೊಬ್ಬರ ತಗ್ಗಿದ ಬೆಲೆಗೆ ಸೋತುದು ವಿಪರ್ಯಾಸ. ೨೦೧೩ರಲ್ಲಿ ಪ್ಲಾಸ್ಮಾ ತಯಾರಿಕೆ ನಿಂತಿತು. ಒಬ್ಬನನ್ನೂ ಕಳುಹಬೇಡಿ ಎಂದ ಅಪ್ಪಣೆಯೂ ಉಳಿಯಲಿಲ್ಲ: ೨೦೦೧ರಲ್ಲಿ ಅವಧಿಪೂರ್ವ ನಿವೃತ್ತಿಯ ಯೋಜನೆ ಬಂದಿತು, ೨೦೨೫ರ ಮೇ ತಿಂಗಳಲ್ಲಿ ಹತ್ತು ಸಾವಿರ ಹುದ್ದೆಗಳ ಕಡಿತವನ್ನು ಘೋಷಿಸಲಾಯಿತು. ಲೆಕ್ಕದ ದೃಷ್ಟಿಯಿಂದ ಇದನ್ನು ಸಮರ್ಥಿಸುವವರಿದ್ದಾರೆ. ೧೯೨೯ರಲ್ಲಿಯೂ ಲೆಕ್ಕ ಅದನ್ನೇ ಹೇಳಿತ್ತೆಂಬುದನ್ನು ನಾನು ಮರೆಯಲಾರೆ.

ಸಂಸ್ಥೆ ಅಳಿಯಲಿಲ್ಲ. ವಿದ್ಯುತ್ ಮೋಟಾರುಗಳಿಗೆ ಬೇಕಾದ ಬ್ಯಾಟರಿಗಳನ್ನು ಅಮೆರಿಕದ ನೆವಾಡಾದಲ್ಲಿ ತಯಾರಿಸುತ್ತಿದೆ. ೧೯೩೨ರ ಎಣಿಕೆಯಂತೆ ಈಗ ನಡೆಯುತ್ತಿರುವುದು ನಾಲ್ಕನೆಯ ಘಟ್ಟ. ಅದು ೨೦೩೨ಕ್ಕೆ ಮುಗಿಯುತ್ತದೆ. ಹತ್ತನೆಯದು ಮುಗಿಯುವುದು ೨೧೮೨ರಲ್ಲಿ.