ಗೋಡೆಚಿತ್ರ ನೋಡಲು ಹೊರಡೋಣ: ಮೊದಲ ನಡಿಗೆಗೆ ಒಂಬತ್ತು ಹಂತ

ಬೆಂಗಳೂರಿನಲ್ಲಿ ಫ್ಲೈಓವರ್ ಕಂಬ, ಮೆಟ್ರೊ ನಿಲ್ದಾಣ, ಶಾಲೆಯ ಕಾಂಪೌಂಡು, ಹಳೆಯ ಮನೆಯ ಪಕ್ಕದ ಗೋಡೆ ಎಲ್ಲದರ ಮೇಲೂ ಈಗ ಚಿತ್ರಗಳಿವೆ. ಬಸ್ಸಿನಿಂದ ಒಂದು ಕ್ಷಣ ಕಂಡು ಮರೆಯಾಗುವ ಇವನ್ನು ನಿಂತು ನೋಡಿದವರು ಕಡಿಮೆ. ‘ಕಲೆಯ ಬಗ್ಗೆ ನನಗೇನೂ ಗೊತ್ತಿಲ್ಲವಲ್ಲ’ ಎಂಬ ಅಳುಕು ನಿಮಗೂ ಇದ್ದರೆ, ಭಯಪಡಬೇಡಿ. ಇಲ್ಲಿ ಟಿಕೆಟ್ ಇಲ್ಲ, ಪರೀಕ್ಷೆ ಇಲ್ಲ. ಬಿಡುವಿರುವ ಒಂದು ಬೆಳಗ್ಗೆ ಸಾಕು. ನಾನು ಬೆಂಗಳೂರನ್ನು ಇಟ್ಟುಕೊಂಡು ಹೇಳುತ್ತೇನೆ; ನಿಮ್ಮ ಊರಿನಲ್ಲೂ ಹೀಗೇ ಮಾಡಬಹುದು.

ಹಂತ 1: ಒಂದೇ ದಾರಿ ಆರಿಸಿಕೊಳ್ಳಿ

ಇಡೀ ಊರನ್ನು ಒಂದೇ ದಿನ ನೋಡಿ ಮುಗಿಸುವ ಆಸೆ ಬಿಡಿ. ಒಂದೆರಡು ಕಿಲೋಮೀಟರ್ ದಾರಿ ಸಾಕು. ಎಲ್ಲಿಂದ ಶುರು ಮಾಡುವುದೆಂದು ತಿಳಿಯದಿದ್ದರೆ ಕಬ್ಬನ್ ಪಾರ್ಕ್ ಮೆಟ್ರೊ ನಿಲ್ದಾಣಕ್ಕೆ ಹೋಗಿ. ಸೃಷ್ಟಿ ಎಂಬ ಕಲೆ-ವಿನ್ಯಾಸ ಸಂಸ್ಥೆಯ ವಿದ್ಯಾರ್ಥಿಗಳು ಮೆಟ್ರೊ ನಿಲ್ದಾಣಗಳಿಗೆ ಕಲೆಯನ್ನು ತರುವ ‘ಆರ್ಟ್ ಇನ್ ಟ್ರಾನ್ಸಿಟ್’ ಯೋಜನೆಯನ್ನು 2014ರಲ್ಲಿ ಪೀಣ್ಯ ನಿಲ್ದಾಣದಲ್ಲಿ ಆರಂಭಿಸಿದರು. ಆಮೇಲೆ ಅದು ಕಬ್ಬನ್ ಪಾರ್ಕ್ ನಿಲ್ದಾಣಕ್ಕೂ ಬಂತು. ಇಲ್ಲಿ ನೋಡಿದ ಮೇಲೆ ಎಂ.ಜಿ. ರಸ್ತೆಯ ಕಡೆಗೆ ನಡೆದು ಒಳರಸ್ತೆಗಳಿಗೆ ಇಳಿಯಿರಿ.

*ಎಚ್ಚರ:* ಹಳೆಯ ಫೋಟೊ ನಂಬಿ ದೂರದ ಒಂದೇ ಗೋಡೆಗಾಗಿ ಹೋಗಬೇಡಿ. ಅಷ್ಟರಲ್ಲಿ ಅದರ ಮೇಲೆ ಬೇರೆ ಬಣ್ಣ ಬಳಿದಿರಬಹುದು, ಕಟ್ಟಡವೇ ಉರುಳಿರಬಹುದು.

ಹಂತ 2: ಭಾನುವಾರ ಬೆಳಗ್ಗೆ ಹೊರಡಿ

ಏಳು ಗಂಟೆಯ ಹೊತ್ತಿಗೆ ಬೀದಿಯಲ್ಲಿ ಇದ್ದರೆ ಒಳ್ಳೆಯದು. ಗೋಡೆಗೆ ಅಡ್ಡವಾಗಿ ನಿಲ್ಲುವ ಕಾರು, ಸ್ಕೂಟರ್ ಆಗ ಕಡಿಮೆ. ನೆತ್ತಿಯ ಮೇಲಿನ ಬಿಸಿಲಿನಲ್ಲಿ ಬಣ್ಣ ಪೇಲವವಾಗಿ ಕಾಣುತ್ತದೆ, ಎಳೆ ಬಿಸಿಲಿನಲ್ಲಿ ಹಾಗಾಗದು. ನೀರಿನ ಬಾಟಲಿ, ಟೋಪಿ, ಒಂದು ಪುಟ್ಟ ನೋಟ್‌ಬುಕ್ ಇಟ್ಟುಕೊಳ್ಳಿ, ಕಾಲಿಗೆ ಒಗ್ಗಿದ ಹಳೆಯ ಶೂ ಹಾಕಿಕೊಳ್ಳಿ.

ಹಂತ 3: ಎದುರು ಬದಿಗೆ ಹೋಗಿ ನಿಲ್ಲಿ

ಚಿತ್ರ ಕಂಡೊಡನೆ ಅದರ ಹತ್ತಿರ ಓಡಬೇಡಿ. ಗೋಡೆ ಎಷ್ಟು ಎತ್ತರವಿದೆಯೋ ಅದರ ಎರಡರಷ್ಟು ದೂರದಲ್ಲಿ ನಿಂತರೆ ಇಡೀ ಚಿತ್ರ ಕಣ್ಣಿಗೆ ಸಿಗುತ್ತದೆ. ಫೋನ್ ಜೇಬಿನಲ್ಲೇ ಇರಲಿ. ಎರಡು ನಿಮಿಷ ಸುಮ್ಮನೆ ನೋಡಿ. ಕಣ್ಣು ಮೊದಲು ಎಲ್ಲಿಗೆ ಹೋಯಿತು, ಅಲ್ಲಿಂದ ಎತ್ತ ಸರಿಯಿತು ಎಂದು ಗಮನಿಸಿ. ಚಿತ್ರ ಬರೆದವರು ನಿಮ್ಮ ಕಣ್ಣನ್ನು ಹಾಗೆ ನಡೆಸಿದ್ದಾರೆ.

ಉದ್ದದ ಕಾಂಪೌಂಡು ಗೋಡೆಯಾದರೆ ನಿಂತು ನೋಡಿದರೆ ಸಾಲದು, ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಯುತ್ತಾ ಓದಬೇಕು. ಇದನ್ನು ಕಲಿಯಲು ಶ್ರೀರಂಗಪಟ್ಟಣದ ದರಿಯಾ ದೌಲತ್‌ಗಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಟಿಪ್ಪು 1784ರಲ್ಲಿ ಕಟ್ಟಿಸಿದ ಆ ಅರಮನೆಯ ಪಡುಗೋಡೆಯಲ್ಲಿ 1780ರ ಪೊಳ್ಳಿಲೂರು ಯುದ್ಧದ ಚಿತ್ರವಿದೆ. ಆನೆ, ಕುದುರೆ, ಪಡೆಗಳ ಸಾಲಿನ ಜೊತೆ ನೀವೂ ಹೆಜ್ಜೆ ಹಾಕಿದಾಗಲೇ ಆ ಯುದ್ಧ ಬಿಚ್ಚಿಕೊಳ್ಳುತ್ತದೆ.

*ಎಚ್ಚರ:* ನೋಡುತ್ತಾ ನೋಡುತ್ತಾ ಹಿಂದೆ ಹೆಜ್ಜೆ ಇಡಬೇಡಿ. ಹಿಂದೆ ರಸ್ತೆಯಿದೆ, ಫುಟ್‌ಪಾತ್‌ನಲ್ಲಿ ಕಲ್ಲುಚಪ್ಪಡಿ ಎದ್ದಿರುತ್ತದೆ. ಮೊದಲು ತಿರುಗಿ ನೋಡಿ, ಆಮೇಲೆ ಸರಿಯಿರಿ.

ಹಂತ 4: ಯಾವ ಬಗೆಯದು ಎಂದು ಗುರುತಿಸಿ

ಹೆಸರುಗಳನ್ನು ಕಂಡು ಗಾಬರಿಯಾಗಬೇಡಿ. ಐದಾರು ಗೊತ್ತಿದ್ದರೆ ಸಾಕು.

ಒಂದೇ ಉಸಿರಿನಲ್ಲಿ ಗೀಚಿದಂತಿರುವ, ಒಂದೇ ಬಣ್ಣದ ಹೆಸರು ‘ಟ್ಯಾಗ್’. ಅದೇ ಹೆಸರನ್ನು ಉಬ್ಬಿದ ಅಕ್ಷರಗಳಲ್ಲಿ, ಎರಡು ಬಣ್ಣದಲ್ಲಿ, ಬೇಗ ಬೇಗ ಬರೆದರೆ ‘ಥ್ರೋ-ಅಪ್’. ಹಲವು ಬಣ್ಣ, ನೆರಳು, ಹೆಣೆದುಕೊಂಡ ಅಕ್ಷರಗಳೊಡನೆ ಸಮಯ ಕೊಟ್ಟು ಮಾಡಿದ್ದು ‘ಪೀಸ್’. ಈ ಮೂರೂ ಗ್ರಾಫಿಟಿ. ಇಲ್ಲಿ ಅಕ್ಷರವೇ ಚಿತ್ರ. ಓದಲು ಬಾರದಿದ್ದರೆ ನಿಮ್ಮ ತಪ್ಪಲ್ಲ, ಎಷ್ಟೋ ಸಲ ಅದನ್ನು ಅದೇ ಬಳಗದವರಿಗಾಗಿ ಬರೆದಿರುತ್ತಾರೆ. ಕಾಗದದ ಮೇಲೆ ಮೊದಲೇ ಬರೆದು ಗೋಡೆಗೆ ಅಂಟಿಸಿದ್ದು ‘ಪೇಸ್ಟ್-ಅಪ್’. ಇಡೀ ಗೋಡೆಯನ್ನು ತುಂಬುವ, ಸಾಮಾನ್ಯವಾಗಿ ಒಪ್ಪಿಗೆ ಪಡೆದು ಮಾಡಿದ ದೊಡ್ಡ ಚಿತ್ರ ‘ಮ್ಯೂರಲ್’.

‘ಸ್ಟೆನ್ಸಿಲ್’ ನನಗೆ ತುಂಬ ಇಷ್ಟ. ಹಾಳೆಯಲ್ಲಿ ಆಕಾರ ಕತ್ತರಿಸಿ, ಗೋಡೆಗೆ ಹಿಡಿದು ಬಣ್ಣ ಹೊಡೆಯುವುದು. ‘ಠ’, ‘ರ’ದಂಥ ದುಂಡು ಅಕ್ಷರ ಕತ್ತರಿಸಿದರೆ ಒಳಗಿನ ತುಂಡು ಕೆಳಗೆ ಬೀಳುತ್ತದೆ. ಅದು ಬೀಳದಿರಲೆಂದು ನಡುವೆ ಸಣ್ಣ ಪಟ್ಟಿ ಉಳಿಸುತ್ತಾರೆ. ಅಕ್ಷರದಲ್ಲಿ ಅಂಥ ಬಿರುಕು ಕಂಡರೆ ಅದು ಸ್ಟೆನ್ಸಿಲ್ ಎಂದು ಧೈರ್ಯವಾಗಿ ಹೇಳಿ.

ಹಂತ 5: ಹತ್ತಿರ ಹೋಗಿ ಕೈಕೆಲಸ ನೋಡಿ

ಈಗ ಗೋಡೆಯಿಂದ ಒಂದು ಮಾರು ದೂರಕ್ಕೆ ಬನ್ನಿ. ಗೆರೆಯ ಅಂಚು ನೋಡಿ. ಧೂಳಿನಂತೆ ಮಸುಕಾಗಿದ್ದರೆ ಸ್ಪ್ರೇ ಕ್ಯಾನ್ ದೂರ ಹಿಡಿದಿದ್ದಾರೆ. ಚೂಪಾಗಿದ್ದರೆ ಹತ್ತಿರ ಹಿಡಿದಿದ್ದಾರೆ. ಕೂದಲೆಳೆಯಂಥ ಗೀರುಗಳಿದ್ದರೆ ಬ್ರಶ್. ಅಗಲವಾದ ಜಾಗದಲ್ಲಿ ಸಣ್ಣ ಸಣ್ಣ ಗುಳ್ಳೆಯಂಥ ಮೈ ಇದ್ದರೆ ರೋಲರ್. ಬಣ್ಣದಡಿಯಲ್ಲಿ ಮಸುಕಾದ ಚೌಕಗಳು ಕಂಡರೆ ಇನ್ನೂ ಚೆನ್ನ. ಸಣ್ಣ ಚಿತ್ರದ ಮೇಲೆ ಚೌಕ ಎಳೆದು, ಗೋಡೆಯ ಮೇಲೂ ಅಷ್ಟೇ ಚೌಕ ಎಳೆದು, ಒಂದೊಂದನ್ನೇ ದೊಡ್ಡದು ಮಾಡುವ ಲೆಕ್ಕ ಅದು.

ಈ ಲೆಕ್ಕ ನಮ್ಮ ಸಿನಿಮಾ ಬ್ಯಾನರ್ ಕಲಾವಿದರಿಗೆ ಕರತಲಾಮಲಕ. ಫ್ಲೆಕ್ಸ್ ಬಂದು ಕೈಯಲ್ಲಿ ಬರೆಯುವ ಬ್ಯಾನರ್, ಬೋರ್ಡುಗಳ ಕೆಲಸ ಹೋಯಿತು. 2009ರ ಸುಮಾರಿಗೆ ಆಗಿನ ನಗರಪಾಲಿಕೆ ಬಿಬಿಎಂಪಿ ನಗರದ ಗೋಡೆಗಳನ್ನು ಚಿತ್ರಗಳಿಂದ ತುಂಬಿಸಲು ಹೊರಟಾಗ ಇಂಥ ಕಲಾವಿದರೇ ಮುಂದೆ ಬಂದರು. ಹಂಪಿಯ ಕಲ್ಲಿನ ರಥ, ಜೋಗ, ಹುಲಿ, ಯಕ್ಷಗಾನ ಎಲ್ಲವೂ ಗೋಡೆ ಹತ್ತಿದವು. ಅವನ್ನು ಕ್ಯಾಲೆಂಡರ್ ಚಿತ್ರಗಳೆಂದು ತಳ್ಳಿಹಾಕುವವರಿದ್ದಾರೆ. ನಾನು ಒಪ್ಪುವುದಿಲ್ಲ. ಎಲ್ಲಾದರೂ ಒಂದು ಉಳಿದಿದ್ದರೆ ನಿಂತು ಹುಲಿಯ ಕಣ್ಣು, ನೀರಿನ ಬಿಳುಪು ನೋಡಿ. ಅದು ಹಲವು ವರ್ಷ ಬರೆದು ಪಳಗಿದ ಕೈ.

*ಎಚ್ಚರ:* ಎದ್ದ ಬಣ್ಣದ ಪದರವನ್ನು ಉಗುರಿನಿಂದ ಕೆರೆಯಬೇಡಿ.

ಹಂತ 6: ‘ಈ ಚಿತ್ರ ಇಲ್ಲೇ ಏಕೆ?’ ಎಂದು ಕೇಳಿಕೊಳ್ಳಿ

ಇಡೀ ನಡಿಗೆಯಲ್ಲಿ ಮುಖ್ಯವಾದ ಹಂತ ಇದು, ಅವಸರ ಮಾಡಬೇಡಿ. ಗೋಡೆಯಲ್ಲಿ ಕಿಟಕಿ, ನೀರಿನ ಪೈಪು, ಮೂಲೆಯಲ್ಲಿ ಹುಟ್ಟಿದ ಅರಳಿ ಗಿಡ ಇದ್ದೇ ಇರುತ್ತವೆ. ಚಿತ್ರ ಅವನ್ನು ಸೇರಿಸಿಕೊಂಡಿದೆಯೋ, ಕಾಣದಂತೆ ಮುಚ್ಚಿದೆಯೋ ನೋಡಿ. ಎದುರಿಗೆ ಯಾವ ಅಂಗಡಿ ಇದೆ, ಈ ಬೀದಿಯಲ್ಲಿ ಯಾರು ಓಡಾಡುತ್ತಾರೆ ನೋಡಿ.

ಉದಾಹರಣೆಗೆ, ಮೈಸೂರಿನ ಕಲಾವಿದ ಬಾದಲ್ ನಂಜುಂಡಸ್ವಾಮಿ 2015ರಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯನ್ನು ಹಸಿರು ಕೊಳವಾಗಿಸಿ ಅದರಲ್ಲಿ ನಿಜಗಾತ್ರದ ಮೊಸಳೆಯ ಪ್ರತಿಕೃತಿ ಇಟ್ಟರು. 2019ರಲ್ಲಿ ಇನ್ನೊಂದು ಹಾಳು ರಸ್ತೆಯಲ್ಲಿ ಗಗನಯಾತ್ರಿಯ ವೇಷದ ನಟನನ್ನು ನಡೆಸಿ, ಚಂದ್ರನ ಮೇಲಿನ ನಡಿಗೆಯಂತೆ ವಿಡಿಯೊ ಮಾಡಿದರು. ಆ ಮೊಸಳೆಯನ್ನು ಗ್ಯಾಲರಿಯ ನೆಲದ ಮೇಲಿಟ್ಟರೆ ಅದಕ್ಕೆ ಅರ್ಥವೇ ಇಲ್ಲ; ಗುಂಡಿಯೇ ಅದರ ಅರ್ಧ ಭಾಗ. ಅಳೆಯಲು ಬೇರೆ ಅಳತೆಗೋಲು ಬೇಡ: ಈ ಚಿತ್ರವನ್ನು ಬೇರೆ ಗೋಡೆಗೆ ಎತ್ತಿಟ್ಟರೆ ಏನಾದರೂ ಕಳೆದುಹೋಗುತ್ತದೆಯೇ? ಏನೂ ಕಳೆಯದಿದ್ದರೆ ಅದು ಅಲಂಕಾರ. ಅಲಂಕಾರವೂ ಬೇಕು, ಆದರೆ ಬೀದಿಯ ಚಿತ್ರಕ್ಕೆ ಅದಕ್ಕಿಂತ ಹೆಚ್ಚಿನ ಶಕ್ತಿಯಿದೆ.

ಹಂತ 7: ಪಕ್ಕದವರನ್ನು ಮಾತಾಡಿಸಿ

ಸಂಕೋಚ ಬೇಡ. ಚಹಾ ಅಂಗಡಿಯಲ್ಲಿ ಒಂದು ಚಹಾ ತೆಗೆದುಕೊಳ್ಳಿ, ‘ಅಣ್ಣಾ, ಈ ಚಿತ್ರ ಯಾರು ಬರೆದಿದ್ದು? ಆಗ ನೀವು ಇಲ್ಲೇ ಇದ್ರಾ?’ ಎಂದು ಕೇಳಿ. ಎಷ್ಟು ದಿನ ಹಿಡಿಯಿತು, ಸಾರುವೆ ಎಲ್ಲಿ ಕಟ್ಟಿದ್ದರು, ಯಾರು ಬೇಡವೆಂದರು ಎಲ್ಲ ಅವರಿಗೆ ನೆನಪಿರುತ್ತದೆ. ನಟ ಪುನೀತ್, ಎಲ್ಲರ ಅಪ್ಪು, ತೀರಿಕೊಂಡ ಮೇಲೆ ಗಲ್ಲಿಗಲ್ಲಿಗಳಲ್ಲಿ ಮೂಡಿದ ಅವರ ಚಿತ್ರಗಳ ಹಿಂದಿನ ಕಥೆ ಬೀದಿಯವರ ಬಾಯಲ್ಲೇ ಕೇಳಬೇಕು.

ಚಿತ್ರ ಬರೆಯುವವರು ಮತ್ತು ಬೀದಿಯವರ ನಡುವಿನ ಈ ಮಾತನ್ನೇ ಕೆಲಸದ ಭಾಗ ಮಾಡಿಕೊಂಡವರೂ ಇದ್ದಾರೆ. ಪೂರ್ಣಿಮಾ ಸುಕುಮಾರ್ 2016ರಲ್ಲಿ ಬೆಂಗಳೂರಿನಲ್ಲಿ ಶುರು ಮಾಡಿದ ‘ಅರವಾನಿ ಆರ್ಟ್ ಪ್ರಾಜೆಕ್ಟ್’ನಲ್ಲಿ ಲಿಂಗತ್ವ ಅಲ್ಪಸಂಖ್ಯಾತ ಮಹಿಳೆಯರು ಕುಂಚ ಹಿಡಿಯುತ್ತಾರೆ. ಜನ ಮುಖ ತಿರುಗಿಸಿ ಹೋಗುತ್ತಿದ್ದ ಬೀದಿಯಲ್ಲೇ ನಿಂತು ದೊಡ್ಡ ದೊಡ್ಡ ಮುಖಗಳನ್ನು ಬರೆಯುತ್ತಾರೆ. ಇದೇ ತಂಡ 2024ರಲ್ಲಿ ವೆನಿಸ್ ಬಿಯೆನಾಲೆ ಎಂಬ ಅಂತರರಾಷ್ಟ್ರೀಯ ಕಲಾ ಪ್ರದರ್ಶನದಲ್ಲೂ ಪಾಲ್ಗೊಂಡಿತು.

ಹಂತ 8: ಈಗ ಫೋನ್ ತೆಗೆಯಿರಿ

ಮೂರು ಫೋಟೊ ಸಾಕು: ಬೀದಿಯೂ ಸೇರಿದಂತೆ ಇಡೀ ಚಿತ್ರ, ನಿಮಗೆ ಇಷ್ಟವಾದ ಒಂದು ತುಣುಕು, ಮತ್ತು ಸಹಿ. ಸಹಿ ಹೆಚ್ಚಾಗಿ ಕೆಳಗಿನ ಮೂಲೆಯಲ್ಲಿರುತ್ತದೆ. ಹಂಚಿಕೊಳ್ಳುವಾಗ ಆ ಹೆಸರನ್ನು ತಪ್ಪದೆ ಹಾಕಿ. ತನ್ನ ಕೃತಿಗೆ ತನ್ನ ಹೆಸರಿರಬೇಕು ಎಂಬ ಕಲಾವಿದರ ಹಕ್ಕು 1957ರ ಕೃತಿಸ್ವಾಮ್ಯ ಕಾಯ್ದೆಯ 57ನೇ ಸೆಕ್ಷನ್‌ನಲ್ಲೇ ಇದೆ. ಟೀ ಶರ್ಟು, ಜಾಹೀರಾತುಗಳಿಗೆ ಬಳಸುವುದಾದರೆ ಒಪ್ಪಿಗೆ ಕೇಳಲೇಬೇಕು.

*ಎಚ್ಚರ:* ಮೆಟ್ರೊ ನಿಲ್ದಾಣದೊಳಗೆ ಕ್ಯಾಮೆರಾ ಎತ್ತುವ ಮೊದಲು ಸಿಬ್ಬಂದಿಯನ್ನು ಕೇಳಿ. ಮನೆಯ ಗೋಡೆಯಾದರೆ ಬಾಗಿಲಲ್ಲಿ ಕೂತವರನ್ನು ಫ್ರೇಮಿನಿಂದ ಹೊರಗಿಡಿ, ಇಲ್ಲವೇ ಕೇಳಿ ತೆಗೆಯಿರಿ.

ಹಂತ 9: ಮಳೆಗಾಲ ಕಳೆದ ಮೇಲೆ ಮತ್ತೆ ಹೋಗಿ

ನೋಟ್‌ಬುಕ್‌ನಲ್ಲಿ ದಿನಾಂಕ, ಬೀದಿ, ಸಹಿಯ ಹೆಸರು ಬರೆದಿಡಿ. ಗೋಡೆಯೊಳಗೆ ನೀರು ಇಳಿದಾಗ ಬಣ್ಣ ಉಬ್ಬುತ್ತದೆ, ಬಿಳಿ ಉಪ್ಪು ಹೊರಬರುತ್ತದೆ, ಬಿಸಿಲಿಗೆ ಕೆಂಪು ಮೊದಲು ಮಾಸಬಹುದು. ಇದನ್ನೂ ಬರೆಯಿರಿ, ಚಿತ್ರ ಅಳಿದ ಮೇಲೆ ನಿಮ್ಮ ಮೂರು ಫೋಟೊಗಳೇ ಅದರ ದಾಖಲೆಯಾಗಬಹುದು. ಮೇಲೆ ಯಾರಾದರೂ ಪೋಸ್ಟರ್ ಅಂಟಿಸಿದ್ದರೆ ನೀವೇ ಕೀಳಬೇಡಿ, ಬಣ್ಣವೂ ಕಿತ್ತು ಬರುತ್ತದೆ. ಫೋಟೊ ಸಮೇತ ಪಾಲಿಕೆಗೆ ದೂರು ಕೊಡಿ. ಸಾರ್ವಜನಿಕರಿಗೆ ಕಾಣುವ ಜಾಗಗಳನ್ನು ಅನುಮತಿಯಿಲ್ಲದೆ ಅಂದಗೆಡಿಸುವುದನ್ನು ತಡೆಯಲು ಕರ್ನಾಟಕದಲ್ಲಿ 1981ರ ಕಾಯ್ದೆಯೇ ಇದೆ. ಅದು ನಮಗೂ ಅನ್ವಯಿಸುತ್ತದೆ. ಸ್ಪ್ರೇ ಕ್ಯಾನ್ ಹಿಡಿಯುವ ಆಸೆ ನಿಮಗೂ ಹುಟ್ಟಿದರೆ, ಗೋಡೆಯ ಮಾಲೀಕರ ಒಪ್ಪಿಗೆಯನ್ನೂ ಪಾಲಿಕೆಯ ಅನುಮತಿಯನ್ನೂ ಮೊದಲು ಬರಹದಲ್ಲಿ ಪಡೆಯಿರಿ.