ಗಣಿ ಪ್ರದೇಶದ ಹಳ್ಳಗಳು: ಹರಿವಿನ ಅಳತೆ ಮತ್ತು ನೀರಿನ ಗುಣಮಟ್ಟ

ಮುಂಗಾರಿನ ಮೊದಲ ದೊಡ್ಡ ಮಳೆ ಸುರಿದ ದಿನ ಸಂಡೂರು ಗುಡ್ಡಗಳ ಹಳ್ಳಗಳು ಕೆಂಪಾಗಿ ಹರಿಯುವುದನ್ನು ಬಳ್ಳಾರಿ ಭಾಗದ ವರ್ತಕರೆಲ್ಲರೂ ಕಂಡಿದ್ದಾರೆ. ಈ ಕೆಂಪು ಗಣಿಯಿಂದ ಬಂದುದೋ, ಇಲ್ಲಿನ ಮಣ್ಣಿನ ಸಹಜ ಬಣ್ಣವೋ ಎಂಬ ವಾದ ಹಳೆಯದು. ವಾದವನ್ನು ಬದಿಗಿಟ್ಟು ಅಳತೆಗೆ ಇಳಿಯುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ. ಹಳ್ಳದ ದಂಡೆಯ ಕೊಳವೆಬಾವಿಯನ್ನು ನಂಬಿರುವ ಜೀನ್ಸ್ ತೊಳೆಯುವ ಘಟಕಗಳಿಗೂ, ಅದೇ ಹಳ್ಳದ ಮೇಲ್ಭಾಗದಲ್ಲಿ ಅದಿರಿನ ದಾಸ್ತಾನು ಅಂಗಳ ಅಥವಾ ಕ್ರಷರ್ ಹೊಂದಿರುವವರಿಗೂ ಇದು ಸಮಾನವಾಗಿ ಸಂಬಂಧಿಸಿದ ವಿಷಯ.

ಸಂಡೂರಿನ ಅದಿರು ಬಹುಪಾಲು ಹೆಮಟೈಟ್. ಗಂಧಕಯುಕ್ತ ಖನಿಜಗಳಿರುವ ತಾಮ್ರ ಅಥವಾ ಕಲ್ಲಿದ್ದಲು ಗಣಿಗಳಲ್ಲಿ ನೀರು ಆಮ್ಲೀಯವಾಗುವುದುಂಟು. ಇಲ್ಲಿ ಅದು ಮುಖ್ಯ ತೊಂದರೆಯಲ್ಲ. ಮುಖ್ಯ ತೊಂದರೆ ಹೂಳು. ಮೇಲ್ಮಣ್ಣಿನ ರಾಶಿ, ಅದಿರಿನ ಪುಡಿ, ಲಾರಿ ಓಡಾಡುವ ಕಚ್ಚಾ ರಸ್ತೆಯ ಧೂಳು ಇವೆಲ್ಲ ಮಳೆಯೊಡನೆ ಹಳ್ಳ ಸೇರುತ್ತವೆ. ಮರಗಿಡ ತೆಗೆದ ಇಳಿಜಾರಿನಲ್ಲಿ ನೀರು ಇಂಗುವುದು ಕಡಿಮೆಯಾಗಿ ಮಳೆಯ ದಿನ ಪ್ರವಾಹ ಹೆಚ್ಚುತ್ತದೆ, ಮಳೆ ನಿಂತ ಮೇಲೆ ಒರತೆ ಬೇಗ ಬತ್ತುತ್ತದೆ. ಗಣಿಗುಂಡಿಯಿಂದ ಪಂಪು ಮಾಡಿದ ನೀರು ಸೇರುವ ಹಳ್ಳ ಮಾತ್ರ ಬೇಸಿಗೆಯಲ್ಲೂ ಹರಿಯಬಹುದು. ಆದ್ದರಿಂದ ಬೇಸಿಗೆಯಲ್ಲಿ ನೀರಿದೆಯೆಂದ ಮಾತ್ರಕ್ಕೆ ಹಳ್ಳದ ಮೂಲ ಸುಸ್ಥಿತಿಯಲ್ಲಿದೆ ಎಂದು ಭಾವಿಸಬಾರದು.

ಹರಿವನ್ನು ಅಳೆಯಲು ದುಬಾರಿ ಉಪಕರಣ ಬೇಕಿಲ್ಲ. ಹಳ್ಳ ನೇರವಾಗಿರುವ ಕಡೆ 10 ಮೀಟರ್ ಗುರುತು ಮಾಡಿ, ಅರ್ಧ ಮುಳುಗಿ ತೇಲುವ ವಸ್ತುವೊಂದನ್ನು ಬಿಟ್ಟು ಸಮಯ ನೋಡಬೇಕು. 20 ಸೆಕೆಂಡು ಹಿಡಿದರೆ ಮೇಲ್ಮೈ ವೇಗ ಸೆಕೆಂಡಿಗೆ 0.5 ಮೀಟರ್. ತಳದಲ್ಲಿ ನೀರು ನಿಧಾನವಾಗಿ ಹರಿಯುವುದರಿಂದ ಇದನ್ನು 0.85ರಿಂದ ಗುಣಿಸುವುದು ರೂಢಿ. ಅಗಲ 2 ಮೀಟರ್, ಸರಾಸರಿ ಆಳ 0.3 ಮೀಟರ್ ಇದ್ದರೆ ಹರಿವು ಸೆಕೆಂಡಿಗೆ ಸುಮಾರು 255 ಲೀಟರ್. ನಾಲ್ಕಾರು ಬಾರಿ ಬಿಟ್ಟು ಸರಾಸರಿ ತೆಗೆಯುವುದು ಕ್ಷೇಮ. ಪ್ರವಾಹದ ಹಳ್ಳಕ್ಕೆ ಮಾತ್ರ ಯಾರೂ ಇಳಿಯತಕ್ಕದ್ದಲ್ಲ. ಸೇತುವೆಯ ಕಂಬಕ್ಕೆ ಮೊದಲೇ ಅಳತೆಪಟ್ಟಿ ಬಳಿದಿಟ್ಟರೆ ದಂಡೆಯಿಂದಲೇ ಮಟ್ಟ ಓದಬಹುದು.

ಹರಿವಿನ ಅಂಕಿ ಏಕೆ ಬೇಕು? ಪ್ರಯೋಗಾಲಯದ ವರದಿ ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದಷ್ಟೇ ಹೇಳುತ್ತದೆ. ಮೇಲಿನ ಹಳ್ಳದಲ್ಲಿ ತೇಲುವ ಘನಕಣ ಲೀಟರಿಗೆ 2,000 ಮಿಲಿಗ್ರಾಂ ಇದೆಯೆಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಆಗ ಗಂಟೆಗೆ 1.8 ಟನ್‌ಗೂ ಹೆಚ್ಚು ಹೂಳು ಸಾಗುತ್ತದೆ. ಮಳೆ ನಿಂತ ಬಳಿಕ ಅದೇ ಹಳ್ಳದಲ್ಲಿ ಸೆಕೆಂಡಿಗೆ 10 ಲೀಟರ್, ಲೀಟರಿಗೆ 20 ಮಿಲಿಗ್ರಾಂ ಇದ್ದರೆ ಗಂಟೆಗೆ ಮುಕ್ಕಾಲು ಕಿಲೋ ಸಹ ಆಗದು. ಬೇಸಿಗೆಯಲ್ಲಿ ತೆಗೆದ ಒಂದೇ ಮಾದರಿಯನ್ನು ತೋರಿಸಿ ಎಲ್ಲವೂ ಸರಿಯಿದೆ ಎನ್ನುವ ವರದಿ ಹೂಳಿನ ವಿಷಯದಲ್ಲಿ ಏನನ್ನೂ ಹೇಳಿದಂತಾಗುವುದಿಲ್ಲ.

ಮಾದರಿಯನ್ನು ಗಣಿಯ ಅಥವಾ ಅಂಗಳದ ಮೇಲ್ಭಾಗದಲ್ಲೂ ಕೆಳಭಾಗದಲ್ಲೂ ಒಂದೇ ದಿನ ತೆಗೆಯಬೇಕು. ಹಳೆಯ ವಾದಕ್ಕೆ ಉತ್ತರ ಈ ಎರಡರ ಅಂತರದಲ್ಲಿದೆ. ಮೇಲ್ಭಾಗದ ನೀರೂ ಅಷ್ಟೇ ಕೆಂಪಾಗಿದ್ದರೆ ಅಂಗಳದವನ ಮೇಲೆ ದೂರು ನಿಲ್ಲದು. ಇಲ್ಲವಾದರೆ ಅವನ ಸಮಜಾಯಿಷಿ ನಿಲ್ಲದು. ಕಬ್ಬಿಣದ ಪರೀಕ್ಷೆಯಲ್ಲಿ ಒಟ್ಟು ಕಬ್ಬಿಣ, ಕರಗಿದ ಕಬ್ಬಿಣ ಎರಡನ್ನೂ ಬೇರೆಬೇರೆಯಾಗಿ ಕೇಳಿ ಪಡೆಯಬೇಕು. ಕಣರೂಪದ ಕಬ್ಬಿಣ ತೊಟ್ಟಿಯಲ್ಲಿ ತಂಗಿದರೆ ಬಹುಮಟ್ಟಿಗೆ ತಳಕ್ಕಿಳಿಯುತ್ತದೆ. ಕರಗಿದ ಕಬ್ಬಿಣವಿರುವ ಕೊಳವೆಬಾವಿಯ ನೀರಾದರೋ ಎತ್ತುವಾಗ ತಿಳಿಯಾಗಿದ್ದು, ಗಾಳಿ ತಾಗಿದ ಮೇಲೆ ಬಟ್ಟೆಯ ಮೇಲೆ ಹಳದಿ ಕಲೆ ಬಿಡುತ್ತದೆ. ತೊಳೆದ ಮಾಲು ವಾಪಸು ಬಂದಾಗ ಬಣ್ಣದ ವ್ಯಾಪಾರಿಯನ್ನು ದೂರುವ ಮುನ್ನ ಇದನ್ನು ಪರಿಶೀಲಿಸುವುದು ಲೇಸು.

ಒಳನಾಡಿನ ಜಲಮೂಲಗಳಿಗೆ ಬಿಡುವ ತ್ಯಾಜ್ಯನೀರಿಗೆ 1986ರ ಪರಿಸರ ಸಂರಕ್ಷಣಾ ನಿಯಮಗಳ ಸಾಮಾನ್ಯ ಮಾನದಂಡ ಹೀಗಿದೆ: ತೇಲುವ ಘನಕಣ ಲೀಟರಿಗೆ 100 ಮಿಲಿಗ್ರಾಂ, ಕಬ್ಬಿಣ 3 ಮಿಲಿಗ್ರಾಂ, ಪಿ.ಎಚ್. 5.5ರಿಂದ 9.0.

ನಿಯಮದ ಬಿಗಿ ಎಷ್ಟೆಂಬುದು ಈ ಜಿಲ್ಲೆಗೆ ಗೊತ್ತಿರುವ ಸಂಗತಿ. 2011ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯ ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿದಾಗ ಲಾರಿ ಮಾಲೀಕರಿಂದ ಟೈರ್ ಅಂಗಡಿಯವರೆಗೆ ಎಲ್ಲರ ವಹಿವಾಟು ಕುಸಿಯಿತು. 2013ರ ಏಪ್ರಿಲ್ ತೀರ್ಪಿನ ನಂತರ ಗಣಿಗಳು ಮತ್ತೆ ತೆರೆಯಲು ಪುನಶ್ಚೇತನ ಯೋಜನೆ ಕಡ್ಡಾಯವಾಯಿತು. ತಡೆಗೋಡೆ, ಚೆಕ್ ಡ್ಯಾಂ, ಕೊರಕಲು ತಡೆಗಳು ಅದರ ಭಾಗ. ಇವು ಹೂಳಿನಿಂದ ತುಂಬಿಕೊಂಡರೆ ಮುಂದಿನ ಮಳೆಗೆ ಇದ್ದೂ ಇಲ್ಲದಂತೆ. ಹೂಳೆತ್ತಿದ ದಿನಾಂಕ, ಎತ್ತಿದ ಪ್ರಮಾಣ, ಅದನ್ನು ಹಾಕಿದ ಸ್ಥಳ ಈ ಮೂರನ್ನೂ ಹರಿವಿನ ಅಂಕಿಗಳ ಜೊತೆಗೆ ಒಂದೇ ಪುಸ್ತಕದಲ್ಲಿ ಬರೆದಿಡತಕ್ಕದ್ದು. ಮಾದರಿಯ ಬಾಟಲಿಗಳನ್ನು ಮೇ ತಿಂಗಳಲ್ಲೇ ಪ್ರಯೋಗಾಲಯದಿಂದ ತರಿಸಿಟ್ಟುಕೊಂಡರೆ ಮೊದಲ ಮಳೆ ಕೈತಪ್ಪುವುದಿಲ್ಲ.