ಹೃದಯಾಘಾತದ ದಿನ ಬೆಳಕಿಗೆ ಬರುವ ಸಕ್ಕರೆ ಕಾಯಿಲೆ

ತೆಲಿಗಿ, ಹರಪನಹಳ್ಳಿ ಭಾಗದಿಂದ ಎದೆನೋವೆಂದು ಹಿರಿಯರನ್ನು ದಾವಣಗೆರೆಗೆ ಕರೆದೊಯ್ದ ಮನೆಯವರು ವೈದ್ಯರ ಮುಂದೆ ಆಡುವ ಮಾತೊಂದಿದೆ: "ಇವರಿಗೆ ಸಕ್ಕರೆ, ಬಿ.ಪಿ. ಏನೂ ಇರಲಿಲ್ಲರೀ." ಬಹಳ ಸಲ ಇದರ ಅರ್ಥ, ಪರೀಕ್ಷೆಯನ್ನೇ ಮಾಡಿಸಿರಲಿಲ್ಲ ಎಂದು.

ಹೃದಯಾಘಾತವು ಕ್ಷಣಮಾತ್ರದಲ್ಲಿ ಎರಗಿದರೂ ಅದರ ಸಿದ್ಧತೆ ಹಲವು ವರ್ಷಗಳದು. ರಕ್ತನಾಳದ ಒಳಗೋಡೆಯಲ್ಲಿ ಕುಳಿತ ಕೊಬ್ಬಿನ ಗಂಟು ಒಡೆದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ. ಆ ಗಂಟನ್ನು ಬೆಳೆಸುವ ದೋಷಗಳನ್ನು ಗುರುತಿಸಲು ವೈದ್ಯರು ಐದು ಅಳತೆಗಳನ್ನು ನೋಡುತ್ತಾರೆ. ಸೊಂಟದ ಸುತ್ತಳತೆ ನಮ್ಮ ದೇಶದ ಪುರುಷರಲ್ಲಿ 90 ಸೆಂ.ಮೀ., ಸ್ತ್ರೀಯರಲ್ಲಿ 80 ಸೆಂ.ಮೀ. ಮುಟ್ಟಿರುವುದು, ರಕ್ತದೊತ್ತಡ 130/85 ಅಥವಾ ಹೆಚ್ಚು, ಬರಿಹೊಟ್ಟೆಯ ಸಕ್ಕರೆ 100 ಅಥವಾ ಹೆಚ್ಚು, ಟ್ರೈಗ್ಲಿಸರೈಡ್ 150 ಅಥವಾ ಹೆಚ್ಚು, ಒಳ್ಳೆಯ ಕೊಲೆಸ್ಟ್ರಾಲ್ ಪುರುಷರಲ್ಲಿ 40ಕ್ಕೂ ಸ್ತ್ರೀಯರಲ್ಲಿ 50ಕ್ಕೂ ಕಡಿಮೆ. ಇವುಗಳಲ್ಲಿ ಮೂರು ಕೂಡಿದರೆ ಅದನ್ನು ಮೆಟಬಾಲಿಕ್ ಸಿಂಡ್ರೋಮ್ ಎನ್ನುತ್ತಾರೆ. ಕೈಕಾಲು ಸಣ್ಣಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದವರನ್ನು ನಾವು "ತೆಳ್ಳಗಿದ್ದಾರೆ" ಎಂದೇ ಎಣಿಸುತ್ತೇವೆ. ಅಪಾಯವಿರುವುದು ಆ ಹೊಟ್ಟೆಯಲ್ಲಿಯೇ. 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನದಲ್ಲಿ, ನಮ್ಮ ಉಪಖಂಡದವರಿಗೆ ಹೃದಯಾಘಾತವು ಇತರರಿಗಿಂತ ಐದಾರು ವರ್ಷ ಮೊದಲೇ ಬರುವುದು ಕಂಡುಬಂದಿತು.

ಆಘಾತದ ಹೊತ್ತಿನಲ್ಲಿ ದೇಹದ ಒತ್ತಡದಿಂದಲೇ ಸಕ್ಕರೆ ಏರಬಹುದು. ಅದು ಆ ದಿನದ್ದೋ ಹಳೆಯದೋ ಎಂಬುದನ್ನು ಹಿಂದಿನ ಎರಡು ಮೂರು ತಿಂಗಳ ಸರಾಸರಿ ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆ ಹೇಳುತ್ತದೆ, 6.5 ಅಥವಾ ಹೆಚ್ಚಿದ್ದರೆ ಮಧುಮೇಹ. ಕೊಲೆಸ್ಟ್ರಾಲನ್ನು ಮೊದಲ 24 ಗಂಟೆಯೊಳಗೆ ನೋಡುವುದು ಒಳಿತು; ಆ ಬಳಿಕ ಅದು ತಾನಾಗಿ ಇಳಿದು, ಎಲ್ಲ ಸರಿಯಿದೆಯೆಂಬ ಭ್ರಮೆ ಹುಟ್ಟಿಸುತ್ತದೆ. ಬಿಡುಗಡೆಯ ಚೀಟಿಯಲ್ಲಿ ಈ ಎರಡು ಅಂಕಿಗಳನ್ನು ಕೇಳಿ ಬರೆಸಿಕೊಳ್ಳಬೇಕು.

ಬಹುಕಾಲದ ಮಧುಮೇಹಿಗಳಲ್ಲಿ ನರಗಳು ಮಂಕಾಗಿ ಎದೆನೋವು ತಿಳಿಯದೇ ಇರಬಹುದು. ಬೆವರು, ಏದುಸಿರು, ಕಾರಣವಿಲ್ಲದ ಸುಸ್ತು ಮಾತ್ರ ಕಂಡೀತು. ಅದನ್ನು "ಗ್ಯಾಸ್" ಎಂದು ಸೋಡಾ ಕುಡಿಸಿ ಕೂಡಿಸಬಾರದು. ನಟ ಪುನೀತ್ ರಾಜ್‌ಕುಮಾರ್ ಅವರು 2021ರಲ್ಲಿ 46ರ ವಯಸ್ಸಿನಲ್ಲಿ ಅಗಲಿದ ಬಳಿಕ, ಅವರ ಹೆಸರಿನ ಹೃದಯಜ್ಯೋತಿ ಯೋಜನೆಯನ್ನು ಸರ್ಕಾರವು 2023ರಲ್ಲಿ ಆರಂಭಿಸಿತು. ಯೋಜನೆಗೆ ಸೇರಿದ ತಾಲ್ಲೂಕು ಆಸ್ಪತ್ರೆಗಳಲ್ಲಿ ಇ.ಸಿ.ಜಿ. ತೆಗೆದು ದೂರದ ತಜ್ಞರಿಗೆ ತೋರಿಸಿ, ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ.

ಸ್ಟೆಂಟ್ ಹಾಕಿಸಿದೊಡನೆ ರೋಗ ಹೋಯಿತೆಂದು ತಿಳಿಯುವುದು ದೊಡ್ಡ ತಪ್ಪು. ಮುಚ್ಚಿದ ಒಂದು ಜಾಗ ತೆರೆಯಿತು, ಅಷ್ಟೆ. ಕೆಟ್ಟ ಕೊಲೆಸ್ಟ್ರಾಲ್ 55ಕ್ಕಿಂತ ಕೆಳಗಿಳಿಯಬೇಕೆಂದು ಈಚಿನ ಮಾರ್ಗಸೂಚಿಗಳು ಹೇಳುತ್ತವೆ. ಮೈ ಹಗುರವಾಯಿತೆಂದು ಮಾತ್ರೆಗಳನ್ನು ತಾವೇ ನಿಲ್ಲಿಸಿದರೆ ಸ್ಟೆಂಟಿನೊಳಗೇ ಹೆಪ್ಪುಗಟ್ಟಬಹುದು. ಜೋಳದ ರೊಟ್ಟಿಗೆ ಸಕ್ಕರೆಯ ಭಯವಿಲ್ಲವೆಂಬ ನಂಬಿಕೆಯೂ ಸರಿಯಲ್ಲ. ಅನ್ನಕ್ಕಿಂತ ಅದು ಮೇಲು. ಆದರೆ ನಾಲ್ಕು ರೊಟ್ಟಿಯ ಮೇಲೆ ಅನ್ನ, ಸಂಜೆಗೆ ಮಂಡಕ್ಕಿ ಮಿರ್ಚಿ ಸೇರಿದರೆ ಲೆಕ್ಕ ಒಂದೇ. ದಾಸೋಹದ ಗೋಧಿ ಹುಗ್ಗಿಯನ್ನು ಪ್ರಸಾದವಾಗಿ ಒಂದು ಚಮಚ ಸ್ವೀಕರಿಸಿದರೂ ಪ್ರಸಾದವೇ ಅಲ್ಲವೆ?

ಕೊಟ್ಟೂರಿನ ರಥೋತ್ಸವಕ್ಕೆ ನಮ್ಮ ಭಾಗದ ಅನೇಕ ಭಕ್ತರು ಪಾದಯಾತ್ರೆ ಹೋಗುತ್ತಾರೆ. ಇತ್ತೀಚೆಗೆ ಹೃದಯಾಘಾತವಾದವರು ವೈದ್ಯರನ್ನು ಕೇಳದೆ ಹೊರಡಬಾರದು. ಅವರು ಒಪ್ಪಿದಲ್ಲಿ, ತಿಂಗಳುಗಳ ಮೊದಲೇ ದಿನವೂ ಅರ್ಧ ಗಂಟೆ ನಡೆದು ರೂಢಿ ಮಾಡಿಕೊಳ್ಳಬೇಕು. ಜೋಳಿಗೆಯಲ್ಲಿ ಮಾತ್ರೆಗಳೂ ಬಿಡುಗಡೆಯ ಚೀಟಿಯೂ ಇರಲಿ.